ಇಳಿತಕ್ಕೆ ರೇಸು, ಉಬ್ಬರಕ್ಕೆ ನಮ್ಮ ಕಾರು

ಹಳೇ ಕಾರಿನ ಹುಚ್ಚು ಇರುವವರಲ್ಲಿ ಎರಡು ಪಂಗಡ. ಮೊದಲನೆಯವರು ಒಂದು ಮಳೆಹನಿ ಬಿದ್ದರೂ ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆಯುವುದಿಲ್ಲ. ನೀವು ಬಾನೆಟ್ ಮುಟ್ಟಿದರೆ ನಿಮ್ಮೆದುರಿಗೇ ಕರ್ಚೀಫ್ ತೆಗೆದು ಬೆರಳಿನ ಗುರುತು ಒರೆಸುತ್ತಾರೆ. ಎರಡನೆಯವರು ತೊಂಬತ್ತು ವರ್ಷದ ಫೋರ್ಡನ್ನು ಸಮುದ್ರದ ದಡಕ್ಕೆ ತಂದು, ಉಪ್ಪುನೀರು ಕುಡಿದ ಮರಳಿನ ಮೇಲೆ ಆಕ್ಸಿಲರೇಟರ್ ತುಳಿದುಬಿಡುತ್ತಾರೆ. ತುಕ್ಕನ್ನು ಹೀಗೆ ಅರಿಶಿನ ಕುಂಕುಮ ಕೊಟ್ಟು ಕರೆಯುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮನೆಯವರು ಎರಡನೇ ಪಂಗಡದ ಭಕ್ತರು. ಭಕ್ತರು ಮಾತ್ರ. ವೇಗಕ್ಕೆಂದು ಬಿಚ್ಚಿ ಮಾರ್ಪಡಿಸಿದ ಹಳೇ ಕಾರು, ಅಂದರೆ ಹಾಟ್ ರಾಡ್, ಸ್ವಂತದ್ದು ಇಲ್ಲ. ನಮ್ಮ ಹತ್ತಿರ ಇರುವುದು ಎಲ್ಲದಕ್ಕೂ ಕುಂಯ್ ಕುಂಯ್ ಎನ್ನುವ ಒಂದು ಹೊಸ ಕಾರು, ಅದರ ಸಾಲ, ಮನೆಯ ಸಾಲ.

ನ್ಯೂಜೆರ್ಸಿಯ ದಕ್ಷಿಣದ ತುದಿಗೆ ವೈಲ್ಡ್‌ವುಡ್ ಅಂತ ಒಂದು ಊರು. ಅಲ್ಲಿನ ಬೀಚಿನಲ್ಲಿ ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ‘ದಿ ರೇಸ್ ಆಫ್ ಜೆಂಟಲ್‌ಮೆನ್’ ನಡೆಯುತ್ತದೆ. 2012ರಲ್ಲಿ ಶುರುವಾದದ್ದು. ಕಾರು 1934ರದ್ದೋ ಅದಕ್ಕಿಂತ ಹಳೆಯದೋ ಆಗಿರಬೇಕು, ಅಮೆರಿಕದ್ದೇ ಆಗಿರಬೇಕು. ಎಂಜಿನ್ 1953ರಿಂದ ಈಚಿನದು ಇರಬಾರದು. ಬೈಕಾದರೆ 1947ರ ತನಕ ಸರಿ. ಎರಡು ಗಾಡಿ ಅಕ್ಕಪಕ್ಕ ನಿಲ್ಲುತ್ತವೆ. ಬಾವುಟ ಹಿಡಿದ ಹುಡುಗಿ ನೆಲ ಬಿಟ್ಟು ಎಗರುತ್ತಾಳೆ. ಗಾಡಿಗಳು ಮರಳು ಚಿಮ್ಮಿಸಿಕೊಂಡು ಎಂಟನೇ ಒಂದು ಮೈಲಿ, ಅಂದರೆ ಹತ್ತಿರ ಹತ್ತಿರ 200 ಮೀಟರ್ ಓಡುತ್ತವೆ. ಅಷ್ಟೇ ರೇಸು.

ಹಾಟ್ ರಾಡ್ ಗೊತ್ತಿಲ್ಲದವರಿಗೆ ಒಂದು ಮಾತು. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯ ಜನ ಕೊಳ್ಳುವ ಬೆಲೆಯ ಕಾರಿಗೆ ವಿ-8 ಎಂಜಿನ್ ಕೂರಿಸಿತು. 65 ಎಚ್‌ಪಿ, ಆ ಕಾಲಕ್ಕೆ ಜೋರೇ. ಆ ಎಂಜಿನ್ ಹಳೇ ಗಾಡಿಗಳಲ್ಲಿ ಸಿಗತೊಡಗಿದಾಗ ಕ್ಯಾಲಿಫೋರ್ನಿಯಾದ ಹುಡುಗರು ಅಗ್ಗದ ಫೋರ್ಡ್ ತಂದು, ಮಡ್‌ಗಾರ್ಡ್ ಕಿತ್ತು, ಬಾನೆಟ್ ಕಿತ್ತು, ಭಾರ ಅನ್ನಿಸಿದ್ದೆಲ್ಲ ಕಿತ್ತು, ಒಣಗಿದ ಕೆರೆಯಂಗಳಗಳಲ್ಲಿ ಓಡಿಸಿ ನೋಡಿದರು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಈ ಹುಚ್ಚಿಗೆ ಇನ್ನಷ್ಟು ಎಣ್ಣೆ ಸುರಿದರು. ಏನೇನು ಇಲ್ಲವೋ ಅದೇ ಈ ಗಾಡಿಗಳ ಚೆಂದ.

ಹೋದ ಸಲ ಅಪ್ಪ ಅಮ್ಮ ಹಾಸನದಿಂದ ಬಂದಿದ್ದರು. ಅವರಿಗೆ ನಯಾಗರಾ ತೋರಿಸಿದ್ದಾಯಿತು, ದೇವಸ್ಥಾನಗಳೆಲ್ಲ ಆಯಿತು. ‘ಮಾವನಿಗೆ ಇದು ಇಷ್ಟವಾಗುತ್ತೆ ಕಣೆ’ ಎಂದು ಇವರು ವೈಲ್ಡ್‌ವುಡ್ ಹೊರಡಿಸಿದರು. ಅಪ್ಪ ನಲವತ್ತು ವರ್ಷ ಗ್ಯಾರೇಜ್ ನಡೆಸಿದವರು. ಅಂಬಾಸಿಡರ್, ಫಿಯಟ್, ಜೀಪು, ಯಾವುದು ಬಂದರೂ ಶಬ್ದ ಕೇಳಿಯೇ ಕಾಯಿಲೆ ಹೇಳುತ್ತಿದ್ದರು. ಆದ್ದರಿಂದ ಇವರ ಮಾತು ನೆಪದ ಹಾಗೆ ಕೇಳಲಿಲ್ಲ.

ಗಾರ್ಡನ್ ಸ್ಟೇಟ್ ಪಾರ್ಕ್‌ವೇಯಲ್ಲಿ ಎಕ್ಸಿಟ್ ನಂಬರುಗಳೇ ಮೈಲಿ ಲೆಕ್ಕ. ನಾವು ಹತ್ತಿದ್ದು 131ಕ್ಕೆ, ಇಳಿಯಬೇಕಾದ್ದು 4ಕ್ಕೆ. ನಡುವಿನ ಅಷ್ಟೂ ಮೈಲಿ ಇವರ ಉಪನ್ಯಾಸ. ಫ್ಲಾರಿಡಾದ ಆರ್ಮಂಡ್ ಬೀಚಿನಲ್ಲಿ 1903ರಲ್ಲೇ ರೇಸ್ ಆಗಿತ್ತಂತೆ. 1906ರಲ್ಲಿ ಅಲ್ಲೇ ಒಂದು ಉಗಿ ಕಾರು ಗಂಟೆಗೆ 205 ಕಿಲೋಮೀಟರ್ ಹೋಯಿತಂತೆ. 1935ರಲ್ಲಿ ಮಾಲ್ಕಮ್ ಕ್ಯಾಂಬೆಲ್ ಡೇಟೋನಾ ಬೀಚಿನಲ್ಲಿ 445 ಮುಟ್ಟಿದನಂತೆ. ಮರುವರ್ಷ ಅಲ್ಲಿಯೇ ಸಾಮಾನ್ಯ ಕಾರುಗಳ ರೇಸ್ ಇಟ್ಟರೆ, ತಿರುವಿನ ಮರಳು ಕಿತ್ತುಹೋಗಿ ಕಾರುಗಳು ಒಂದರ ಹಿಂದೆ ಒಂದು ಹೂತುಕೊಂಡವಂತೆ. ಆದರೂ 1958ರ ತನಕ ಅಲ್ಲಿ ಮರಳಿನ ಮೇಲೆ ಓಡಿಸಿಯೇ ಓಡಿಸಿದರಂತೆ.

‘ಡಾಂಬರ್ ರಸ್ತೆ ಇರ್ಲಿಲ್ವಾ ಅವ್ರಿಗೆ?’ ಎಂದಳು ಅಮ್ಮ.

ಇವರು ಬಿಡಬೇಕಲ್ಲ. ವೇಲ್ಸ್‌ನ ಪೆಂಡೈನ್ ಬೀಚಿನ ಕಥೆ ತೆಗೆದರು. ಅಲ್ಲಿ 1927ರಲ್ಲಿ ಪ್ಯಾರಿ-ಥಾಮಸ್ ಎಂಬಾತ ‘ಬ್ಯಾಬ್ಸ್’ ಎಂಬ ಕಾರಿನಲ್ಲಿ ವೇಗದ ದಾಖಲೆಗೆ ಹೋಗಿ ಪ್ರಾಣ ಕಳೆದುಕೊಂಡ. ಕಾರನ್ನು ಅಲ್ಲೇ ಮರಳಿನಲ್ಲಿ ಹೂತರು. 1969ರಲ್ಲಿ ಇನ್ನೊಬ್ಬ ಪುಣ್ಯಾತ್ಮ ಅದನ್ನು ಅಗೆಸಿ ತೆಗೆದು, ವರ್ಷಗಟ್ಟಲೆ ಕೂತು ಮತ್ತೆ ಓಡುವ ಹಾಗೆ ಮಾಡಿದ.

ಅಮ್ಮ ‘ಪಾಪ’ ಎಂದಳು. ಅಪ್ಪ ಅಲ್ಲಿಯವರೆಗೆ ತೂಕಡಿಸುತ್ತಿದ್ದವರು ಕಣ್ಣು ಬಿಟ್ಟರು. ‘ಅಲ್ಲ ಅಳಿಯಂದ್ರೇ, ನಲವತ್ತೆರಡು ವರ್ಷ ಉಪ್ಪುಮರಳಲ್ಲಿ ಇದ್ರೆ ಪಿಸ್ಟನ್ನೆಲ್ಲ ಜಾಮ್ ಆಗಿರ್ಬೇಕಲ್ಲ? ಹೆಂಗೆ ಬಿಡಿಸಿದ್ರು?’ ಇವರಿಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಎಕ್ಸಿಟ್ 4ರ ತನಕ ಕಾರಿನಲ್ಲಿ ಶಾಂತಿ.

ವೈಲ್ಡ್‌ವುಡ್ಡಿನ ಮೋಟೆಲುಗಳು 1950-60ರ ದಶಕದವು. ಗುಲಾಬಿ, ಹಳದಿ, ಆಕಾಶನೀಲಿ ಬಣ್ಣ, ಮುಂದೆ ಪ್ಲಾಸ್ಟಿಕ್ಕಿನ ತಾಳೆಮರ. ಶುಕ್ರವಾರ ಮಧ್ಯಾಹ್ನ ಹೋಗಿ ಇಳಿದರೆ ಪಾರ್ಕಿಂಗ್ ಜಾಗವೆಲ್ಲ ಬಿಚ್ಚಿಟ್ಟ ಎಂಜಿನ್‌ಗಳು. ಎಲ್ಲೆಲ್ಲೂ ಬಗ್ಗಿದ ಬೆನ್ನುಗಳು. ಅಪ್ಪನ ನಡಿಗೆಯ ವೇಗವೇ ಬದಲಾಯಿತು. ರೂಮಿನ ಬೀಗ ತೆಗೆಯುವಷ್ಟರಲ್ಲಿ ಅವರು ಕಾಣೆ.

ನಮ್ಮ ರೂಮಿನ ನೇರ ಎದುರಿಗೆ ಬಿಳಿ ಗಡ್ಡದ ಒಬ್ಬ ತಾತ ತನ್ನ ಫೋರ್ಡ್ ಮಾಡೆಲ್ ಎ ಜೊತೆ ಒದ್ದಾಡುತ್ತಿದ್ದ. ಒಳಗೆ ಫ್ಲಾಟ್‌ಹೆಡ್ ಎಂದು ಕರೆಯುವ ಅದೇ ಫೋರ್ಡ್ ವಿ-8. ಊರಿನ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಬಂದಿದೆ, ಕೆಮ್ಮಿದೆ, ನಿಂತಿದೆ. ಈ ಎಂಜಿನ್ನಿನ ರೋಗವೇ ಬಿಸಿ. ಸುಟ್ಟ ಹೊಗೆ ನೆಟ್ಟಗೆ ಹೊರಗೆ ಹೋಗುವುದಿಲ್ಲ. ಎಂಜಿನ್ ಬ್ಲಾಕಿನ ಒಳಗೇ ಹಾದು, ಅದನ್ನೆಲ್ಲ ಕಾಯಿಸಿ ಹೋಗುತ್ತದೆ. ಪೆಟ್ರೋಲ್ ಪಂಪ್ ಇರುವುದು ಎಂಜಿನ್ನಿನ ನೆತ್ತಿಯ ಮೇಲೆ. ಪಂಪು ಕಾದರೆ ಪೆಟ್ರೋಲ್ ಆವಿಯಾಗುತ್ತದೆ, ಪಂಪಿಗೆ ಆವಿಯನ್ನು ಎಳೆಯಲು ಬರುವುದಿಲ್ಲ. ಇದನ್ನೆಲ್ಲ ಆಮೇಲೆ ವಿವರಿಸಿದವರು ಅಪ್ಪ. ಜೊತೆಗೆ, ‘ಈ ಎಂಜಿನ್ ಮಾಡಿದೋರ ಮನೇಲಿ ಯಾರೋ ಗ್ಯಾರೇಜ್ ಇಟ್ಟಿದ್ರು ಅನ್ಸುತ್ತೆ’ ಎಂದೂ ಸೇರಿಸಿದರು.

ತಾತ ಒಂದು ಚೀಲದಿಂದ ಬಟ್ಟೆ ಒಣಗಿಸುವ ಮರದ ಕ್ಲಿಪ್ಪುಗಳನ್ನು ತೆಗೆದು ಪೆಟ್ರೋಲ್ ಪೈಪಿಗೆ ಸಾಲಾಗಿ ಸಿಕ್ಕಿಸುತ್ತಿದ್ದ. ನನಗೆ ತಾತನ ತಲೆಯ ಬಗ್ಗೆಯೇ ಅನುಮಾನ ಬಂತು. ಇಲ್ಲವಂತೆ, ಅಮೆರಿಕದಲ್ಲಿ ಅದು ಹಳೇ ಕಾಲದ ಮನೆಮದ್ದು. ಅಪ್ಪ ಒಂದು ನಿಮಿಷ ನೋಡಿದರು. ಆಮೇಲೆ ತಮ್ಮ ಇಂಗ್ಲಿಷ್ ಭಂಡಾರ ತೆರೆದು ‘ವೇಪರ್ ಲಾಕ್?’ ಎಂದರು. ತಾತ ತಲೆಯೆತ್ತಿ ‘ಯೆಸ್ ಸರ್!’ ಎಂದ.

ಅಪ್ಪ ಸರಸರ ರೂಮಿಗೆ ಬಂದರು. ಅಮ್ಮ ತಲೆ ಒರೆಸಿಕೊಳ್ಳುವ ಹತ್ತಿ ಟವೆಲ್ ಎಳೆದುಕೊಂಡರು. ಮೋಟೆಲಿನ ಐಸ್ ಬಕೆಟ್ಟಿನಲ್ಲಿ ಅದ್ದಿದರು. ಹೋಗಿ ಪಂಪಿಗೆ ಸುತ್ತಿದರು. ಬೇಸಿಗೆಯಲ್ಲಿ ಶಿರಾಡಿ ಘಾಟಿ ಹತ್ತಿ ಬಂದ ಎಷ್ಟು ಅಂಬಾಸಿಡರುಗಳಿಗೆ ಅವರು ಈ ಚಿಕಿತ್ಸೆ ಕೊಟ್ಟಿದ್ದಾರೋ ಲೆಕ್ಕವಿಲ್ಲ. ಸ್ವಲ್ಪ ಹೊತ್ತಿಗೆ ಫೋರ್ಡ್ ಗುಡುಗುಡು ಎಂದಿತು. ತಾತ ಅಪ್ಪನನ್ನು ತಬ್ಬಿಕೊಂಡ. ಅಮ್ಮ ಬಾಗಿಲಲ್ಲಿ ನಿಂತು, ‘ಅಲ್ರೀ, ಆ ಟವೆಲ್ ವಾಪಸ್ ಬರುತ್ತಾ?’ ಎಂದು ಕೇಳಿದಳು.

ಅಲ್ಲಿಂದ ಇಬ್ಬರಿಗೂ ಬಿಡಲಾರದ ಸ್ನೇಹ. ಮಾತಿಗೆ ಬೇಕಾದ ಶಬ್ದಗಳೆಲ್ಲ ಇದ್ದವು: ಪ್ಲಗ್, ಪಾಯಿಂಟ್, ಕಂಡೆನ್ಸರ್, ಟೈಮಿಂಗ್, ಲೀಕ್. ಮನುಷ್ಯರಿಗೆ ಇದಕ್ಕಿಂತ ಜಾಸ್ತಿ ಯಾಕೆ ಬೇಕು? ಈ ಸ್ನೇಹ ನೋಡಿ ನಮ್ಮನೆಯವರಿಗೆ ಆವೇಶ ಬಂತು. ತಾತನ ಟ್ರೇಲರಿಗೆ ಜಾಗ ಸಾಲುತ್ತಿರಲಿಲ್ಲ. ‘ನಮ್ಮ ಜಾಗ ತಗೊಳ್ಳಿ’ ಎಂದು ದಾನ ಮಾಡಿಯೇಬಿಟ್ಟರು. ನಮ್ಮ ಕಾರನ್ನು ಊರಿನ ಇನ್ನೊಂದು ಮಗ್ಗುಲಿನಲ್ಲಿ, ಹಿನ್ನೀರಿನ ಹತ್ತಿರದ ಬೀದಿಯಲ್ಲಿ ನಿಲ್ಲಿಸಿ ಬಂದರು. ‘ಒಂದು ಡಾಲರ್ ಇಲ್ಲ, ಫ್ರೀ ಪಾರ್ಕಿಂಗ್’ ಎಂದು ಬೀಗಿದ್ದೂ ಬೀಗಿದ್ದೇ.

ಶನಿವಾರದ ರೇಸಿಗೆ ಇವರ ಸಿದ್ಧತೆ ಬೇರೆಯೇ ಇತ್ತು. ಅಲ್ಲಿ ಬಹಳ ಜನ 1930-40ರ ವೇಷದಲ್ಲೇ ಬರುತ್ತಾರೆ. ಉಣ್ಣೆಯ ಜೆರ್ಸಿ, ಸಸ್ಪೆಂಡರ್, ಕನ್ನಡಕ. ಇವರು ಆನ್‌ಲೈನಿನಲ್ಲಿ ತರಿಸಿದ ಚರ್ಮದ ಟೋಪಿ ಮತ್ತು ಗಾಗಲ್ಸ್ ಹಾಕಿಕೊಂಡು ಹೊರಟರು. ಬಿಲ್ಲು ನಾನು ನೋಡಿದ್ದೇನೆ, ಹೇಳುವುದಿಲ್ಲ. ಅಪ್ಪ ಗಾಳಿ ಜಾಸ್ತಿ ಎಂದು ತಮ್ಮ ಖಾಕಿ ಅಂಗಿಯ ಮೇಲೆ ತೋಳಿಲ್ಲದ ಸ್ವೆಟರ್, ಕುತ್ತಿಗೆಗೆ ಮಫ್ಲರ್, ತಲೆಗೆ ಮಂಕಿ ಕ್ಯಾಪ್ ಏರಿಸಿದರು.

ಕ್ಯಾಮೆರಾ ಹಿಡಿದವರೆಲ್ಲ ಅಪ್ಪನ ಸುತ್ತ! ‘ಎಲ್ಲಿ ಸಿಕ್ಕಿತು ಈ ಟೋಪಿ? ಅಸಲಿಯಾ?’ ಎಂದು ಒಬ್ಬ ಕೇಳಿದ. ಅಸಲಿಯೇ. ಹಾಸನದ ಸಂತೆಯದು. ಇವರು ಗಾಗಲ್ಸ್ ಹಣೆಗೇರಿಸಿ, ಸೊಂಟದ ಮೇಲೆ ಕೈಯಿಟ್ಟು, ಒಂದಿಷ್ಟು ಹೊತ್ತು ಬೇರೆ ಬೇರೆ ಕಡೆ ನಿಂತು ನೋಡಿದರು. ಯಾರೂ ಕಣ್ಣೆತ್ತಿ ನೋಡಲಿಲ್ಲ.

ಬೀಚಿಗೆ ಹೋಗಲು ಬೋರ್ಡ್‌ವಾಕ್, ಅಂದರೆ ದಡದುದ್ದಕ್ಕೂ ಹಲಗೆ ಹಾಸಿದ ದಾರಿ, ದಾಟಬೇಕು. ಅದರ ಮೇಲೆ ಹಳದಿ-ನೀಲಿ ಬಣ್ಣದ ಪುಟ್ಟ ಟ್ರ್ಯಾಮ್ ಗಾಡಿಗಳು ಓಡಾಡುತ್ತವೆ. 1939ರ ನ್ಯೂಯಾರ್ಕ್ ವಿಶ್ವಮೇಳಕ್ಕೆಂದು ಮಾಡಿದ್ದವಂತೆ. ಅಡ್ಡ ಬಂದವರಿಗೆ ಹಳೆಯ ರೆಕಾರ್ಡಿನ ಒಂದು ಹೆಣ್ಣುದನಿ ‘ವಾಚ್ ದ ಟ್ರ್ಯಾಮ್ ಕಾರ್, ಪ್ಲೀಸ್’ ಎಂದು ಹೇಳುತ್ತಲೇ ಇರುತ್ತದೆ. ಅಮ್ಮ ತಿರುಗಿ ನಿಂತು, ‘ಕೇಳಿಸ್ತಮ್ಮಾ, ಎಷ್ಟು ಸಲ ಹೇಳ್ತೀಯ?’ ಎಂದು ಗದರಿಸಿದಳು.

ವೈಲ್ಡ್‌ವುಡ್ಡಿನ ಮರಳು ಭಾರೀ ಅಗಲ. ನಡೆದಷ್ಟೂ ಸಮುದ್ರ ಸಿಗುವುದಿಲ್ಲ. ಮೇಲಿನ ಒಣ ಮರಳಿನಲ್ಲಿ ಕಾಲು ಹೂತುಕೊಳ್ಳುತ್ತದೆ. ಆದರೆ ನೀರು ಆಗಷ್ಟೇ ಇಳಿದುಹೋದ ಪಟ್ಟಿ ಸಿಮೆಂಟು. ಒದ್ದೆತನವೇ ಕಣಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಆದ್ದರಿಂದ ಈ ರೇಸಿಗೆ ಮುಹೂರ್ತ ಇಡುವವನು ಚಂದ್ರ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗೆ ನೀರು ಇಳಿಯುವುದೂ ಜಾಸ್ತಿ, ಏರುವುದೂ ಜಾಸ್ತಿ. ಅವತ್ತು ಹುಣ್ಣಿಮೆಯ ಆಸುಪಾಸು. ಮಧ್ಯಾಹ್ನ ಎರಡರ ಹೊತ್ತಿಗೆ ಸಮುದ್ರ ದೂರ ಸರಿದು ಒಳ್ಳೇ ಟ್ರ್ಯಾಕ್ ಬಿಟ್ಟುಕೊಟ್ಟಿತ್ತು. ‘ಎಂಥಾ ಅದೃಷ್ಟ ನೋಡಿ!’ ಎಂದು ಇವರು ಕುಣಿದರು. ಇಳಿದದ್ದು ಏರಲೇಬೇಕು ಎಂಬ ಅರ್ಧವನ್ನು ಯೋಚಿಸಲಿಲ್ಲ.

ತಾತನ ಸರದಿ ಬಂತು. ಹುಡುಗಿ ಎಗರಿದಳು. ಫೋರ್ಡ್ ಅರಚಿತು. ಮರಳು ಹಾರಿತು. ನಾನು ಫೋನ್ ತೆಗೆಯುವಷ್ಟರಲ್ಲಿ ಮುಗಿದಿತ್ತು.

‘ಇಷ್ಟೇನಾ?’ ಎಂದಳು ಅಮ್ಮ.

‘ಇಷ್ಟೇ ಅತ್ತೆ’ ಎಂದರು ಇವರು, ಕಣ್ಣಲ್ಲಿ ನೀರು. ಖುಷಿಗೋ ಮರಳಿಗೋ ಗೊತ್ತಾಗಲಿಲ್ಲ. ತಾತ ಸೋತಿದ್ದ. ಆದರೆ ಗೆದ್ದವನನ್ನೂ ಸೋತವನನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಯಾರು ಯಾರೆಂದು ಹೇಳುವುದು ಕಷ್ಟ. ಇಬ್ಬರ ಮುಖವೂ ಒದ್ದೆ ಮರಳು, ಇಬ್ಬರ ಬಾಯಿಯೂ ಕಿವಿಯವರೆಗೆ. ನನಗೆ ಈ ಜನ ಇಷ್ಟವಾಗತೊಡಗಿದ್ದು ಅಲ್ಲೇ. ಒಂದು ಗಾಡಿ ಕೆಟ್ಟು ನಿಂತರೆ, ಮುಂದಿನ ಸುತ್ತಿನ ಎದುರಾಳಿಯೇ ಸ್ಪ್ಯಾನರ್ ಹಿಡಿದು ಓಡಿ ಬರುತ್ತಿದ್ದ.

ಅಮ್ಮ ಡಬ್ಬಿ ಬಿಚ್ಚಿದಳು. ಗಾಳಿ ನಮ್ಮ ಕಡೆಗೇ ಇತ್ತು. ಚಿತ್ರಾನ್ನದಲ್ಲಿ ಕಡಲೆಬೇಳೆ ಯಾವುದು, ಮರಳು ಯಾವುದು ಎಂದು ಹಲ್ಲಿಗೇ ಗೊತ್ತಾಗಬೇಕಿತ್ತು. ಕೋಡುಬಳೆ ಡಬ್ಬಿಯ ಮುಚ್ಚಳ ಸರಿಸಿದ್ದೇ ತಡ, ಒಂದು ಕಡಲಹಕ್ಕಿ ಮೇಲಿನಿಂದ ಬಂದು, ಅಪ್ಪನ ಬೆರಳಿಗೆ ಸಿಕ್ಕಿಸಿಕೊಂಡಿದ್ದ ಕೋಡುಬಳೆಯನ್ನೇ ಕಿತ್ತುಕೊಂಡು ಹೋಯಿತು. ಇಡೀ ದಿನದಲ್ಲಿ ನಾನು ಕಂಡ ಅತಿ ವೇಗದ ಓಟ ಅದೇ.

ಭಾನುವಾರ ಎಡಿಸನ್‌ನಲ್ಲಿ ಕನ್ನಡದವರ ಕಾರ್ಯಕ್ರಮವಿತ್ತು. ರಾತ್ರಿಯೇ ಹೊರಡೋಣ ಎಂದು ಊಟ ಮುಗಿಸಿ, ಸೂಟ್‌ಕೇಸ್ ಎಳೆದುಕೊಂಡು, ಒಂಬತ್ತರ ಹೊತ್ತಿಗೆ ಕಾರಿನ ಕಡೆಗೆ ನಡೆದೆವು. ಬೀದಿ ತಿರುಗಿದರೆ ಬೀದಿಯೇ ಇಲ್ಲ. ನೀರು. ಉಬ್ಬರಕ್ಕೆ ಹಿನ್ನೀರು ಚರಂಡಿ ದಾಟಿ ಮೇಲೆ ಬಂದಿತ್ತು. ನಮ್ಮ ಕಾರು ಅರ್ಧ ಚಕ್ರ ಮುಳುಗಿಸಿಕೊಂಡು ಆರಾಮಾಗಿ ನಿಂತಿತ್ತು. ಅಲ್ಲಿಯವರು ಯಾರೂ ಗಾಡಿ ನಿಲ್ಲಿಸಿರಲಿಲ್ಲ. ಫ್ರೀ ಪಾರ್ಕಿಂಗ್ ಯಾಕೆ ಅಷ್ಟು ಖಾಲಿ ಇತ್ತು ಎಂದು ಆಗ ಗೊತ್ತಾಯಿತು.

ಇವರು ಪ್ಯಾಂಟ್ ಮಡಚಿ ನೀರಿಗಿಳಿದು ಸ್ಟಾರ್ಟ್ ಬಟನ್ ಒತ್ತಿದರು. ಡ್ಯಾಶ್‌ಬೋರ್ಡಿನಲ್ಲಿ ಇದ್ದ ದೀಪಗಳೆಲ್ಲ ಹತ್ತಿಕೊಂಡವು. ಕಾರು ಮಾತ್ರ ಅಲ್ಲಾಡಲಿಲ್ಲ. ಅಪ್ಪ ಪಂಚೆ ಎತ್ತಿ ಕಟ್ಟಿ ಬಂದು ಬಾನೆಟ್ ತೆಗೆಸಿದರು. ಟಾರ್ಚ್ ಹಾಕಿ ನೋಡಿದರೆ ಕಪ್ಪನೆಯ ಪ್ಲಾಸ್ಟಿಕ್ ಮುಚ್ಚಳ. ಅದರ ಕೆಳಗೆ ಇನ್ನೊಂದು ಮುಚ್ಚಳ. ‘ಎಂಜಿನ್ ಎಲ್ಲಿ ಅಳಿಯಂದ್ರೇ?’ ಎಂದು ಕೇಳಿದರು. ‘ಒಳಗಿದೆ ಮಾವ.’ ಅಪ್ಪ ಮೆಲ್ಲಗೆ ಬಾನೆಟ್ ಮುಚ್ಚಿದರು.

ತಾತನಿಗೆ ಫೋನ್ ಹೋಯಿತು. ಹತ್ತೇ ನಿಮಿಷಕ್ಕೆ ದೂರದಿಂದ ಗುಡುಗುಡು ಕೇಳಿಸಿತು. ಮುಂದೆ ಇಬ್ಬರಿಗೆ ಜಾಗ, ಹಿಂದೆ ತೆರೆದ ಡಿಕ್ಕಿ ಸೀಟು. ಅಪ್ಪ ಮುಂದೆ ಕೂತರು. ಹಿಂದಕ್ಕೆ ಹತ್ತಲು ಮೊದಲೆಲ್ಲ ಮಡ್‌ಗಾರ್ಡಿನ ಮೇಲೆ ಕಾಲಿಡುತ್ತಿದ್ದರಂತೆ. ಮಡ್‌ಗಾರ್ಡ್ ಕಿತ್ತಾಗಿದೆಯಲ್ಲ! ಅಮ್ಮನನ್ನು ಅಳಿಯ ಒಂದು ಕಡೆ, ನಾನೊಂದು ಕಡೆ ಎತ್ತಿ ಒಳಗೆ ಇಳಿಸಿದೆವು. ನಾನು ಪಕ್ಕದಲ್ಲಿ ತೂರಿಕೊಂಡೆ. ತೊಡೆಯ ಮೇಲೆ ಸೂಟ್‌ಕೇಸ್.

ಮಡ್‌ಗಾರ್ಡ್ ಯಾಕೆ ಇರಬೇಕು ಎನ್ನುವುದು ಮೊದಲನೇ ತಿರುವಿನಲ್ಲಿ ತಿಳಿಯಿತು. ರಸ್ತೆಯಲ್ಲಿ ನಿಂತಿದ್ದ ಅಷ್ಟೂ ಉಪ್ಪುನೀರು ಚಕ್ರದಿಂದ ಎದ್ದು ನಮ್ಮಿಬ್ಬರ ಮೇಲೆ ಬಿತ್ತು. ‘ನಿಧಾನಾ ಕಣಪ್ಪಾ!’ ಎಂದು ಅಮ್ಮ ಕೂಗಿದಳು. ತಾತನಿಗೆ ಅದು ಖುಷಿಯ ಕೇಕೆಯ ಹಾಗೆ ಕೇಳಿಸಿರಬೇಕು. ಇನ್ನಷ್ಟು ತುಳಿದ. ಎರಡನೇ ತಿರುವಿಗೆ ಅಮ್ಮನೂ ಕೂಗುವುದು ಬಿಟ್ಟು ನಗತೊಡಗಿದಳು. ಮೋಟೆಲಿನ ಮುಂದೆ ಇಳಿಯುವಾಗ ಸೀರೆ ಹಿಂಡುತ್ತಾ, ‘ಮಧ್ಯಾಹ್ನ ಇದೇ ಓಡ್ಸಿದ್ದಾ? ಆಗ ಗೊತ್ತಾಗ್ಲಿಲ್ಲ ನೋಡು’ ಎಂದಳು.

ಇವರು ಬಂದದ್ದು ಒಂದೂವರೆ ಗಂಟೆಯ ಮೇಲೆ, ಟೋ ಗಾಡಿಯ ಮುಂದಿನ ಸೀಟಿನಲ್ಲಿ. ಮೊಣಕಾಲಿನವರೆಗೆ ಒದ್ದೆ. ತಲೆಯ ಮೇಲೆ ಇನ್ನೂ ಆ ಚರ್ಮದ ಟೋಪಿ, ಹಣೆಯಲ್ಲಿ ಗಾಗಲ್ಸ್. ಟೋ ಗಾಡಿಯ ಹುಡುಗ ಇಳಿದು ಒಮ್ಮೆ ಇವರನ್ನು ನೋಡಿದ, ಒಮ್ಮೆ ಹಿಂದೆ ನೇತಾಡುತ್ತಿದ್ದ ನಮ್ಮ ಹೊಸ ಕಾರನ್ನು ನೋಡಿದ. ಆಮೇಲೆ ಫೋನ್ ತೆಗೆದು, ಎರಡೂ ಕಾಣುವ ಹಾಗೆ ನಿಲ್ಲಿಸಿ, ಇವರ ಫೋಟೊ ತೆಗೆದುಕೊಂಡ.