ಎಲ್ಲವೂ ಗೋಪ್ಯವಂತೆ!

ಈಗಷ್ಟೇ ಮುಗಿದ ಆನ್‌ಲೈನ್ ಗೋಷ್ಠಿಯಲ್ಲಿ ವಿದ್ವಾಂಸರೊಬ್ಬರು ಸಂಶೋಧನಾ ವಿದ್ಯಾರ್ಥಿನಿಗೆ ಹೇಳಿದರು: "ಬೇಹುಗಾರಿಕೆಯ ಬಗ್ಗೆ ಗ್ರಂಥಾಲಯದಲ್ಲಿ ಏನಮ್ಮಾ ಸಿಗುತ್ತದೆ? ಎಲ್ಲವೂ ಗೋಪ್ಯ." ಕೆಲವರು ನಕ್ಕರು. ನನಗೆ ಪಿತ್ತ ನೆತ್ತಿಗೇರಿತು. ಪುಸ್ತಕಗಳ ಬೆನ್ನಿಗೆ ವರ್ಗಸಂಖ್ಯೆ ಅಂಟಿಸುತ್ತಲೇ ಕೂದಲು ನರೆತವಳ ಎದುರು ಆಡುವ ಮಾತೇ ಇದು?

ಸ್ವಾಮಿ, 1942ರಲ್ಲಿ ಹುಟ್ಟಿದ ಅಮೆರಿಕದ ಬೇಹುಸಂಸ್ಥೆ ಓಎಸ್‌ಎಸ್ ತನ್ನ ಸಂಶೋಧನಾ ವಿಭಾಗಕ್ಕೆ ಕರೆತಂದದ್ದು ಇತಿಹಾಸಕಾರರನ್ನು, ಅರ್ಥಶಾಸ್ತ್ರಜ್ಞರನ್ನು, ಭೂಗೋಳ ಬಲ್ಲವರನ್ನು. ಪುಸ್ತಕ, ಪತ್ರಿಕೆ, ನಕಾಶೆಗಳೇ ಅವರ ಬಂಡವಾಳ. ಬೇಹುಸಂಸ್ಥೆಗೇ ಬೇಕಾದ ಕಪಾಟು ಅದನ್ನು ಅಧ್ಯಯನ ಮಾಡುವವರಿಗೆ ಬೇಡವಂತೆ!

ಕಪಾಟಿನ ಮುಂದೆ ನಿಂತವರೂ ಒಂದೇ ಸಾಲು ನೋಡಿ ಹೊರಡುತ್ತಾರೆ. ಪುಸ್ತಕಗಳನ್ನು ವಿಷಯವಾರು ಅಂಕಿ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಬೇಹುಗಾರಿಕೆ 327.12ರಲ್ಲಿದೆ, ಸೇನಾ ಗುಪ್ತಚರ 355.3432ರಲ್ಲಿದೆ, ಎರಡನೇ ಮಹಾಯುದ್ಧದ ಗೂಢಚರರು 940.54ರ ಆಸುಪಾಸಿನಲ್ಲಿ ಅಡಗಿದ್ದಾರೆ. ಮೂರು ಕಡೆ ಹುಡುಕಲು ಸೋಮಾರಿತನವಾದರೆ ಅದಕ್ಕೆ ಸರ್ಕಾರದ ಗೋಪ್ಯತೆ ಹೊಣೆಯೇ? ಈ ವಿಷಯಕ್ಕೇ ಮೀಸಲಾದ 'ಇಂಟೆಲಿಜೆನ್ಸ್ ಅಂಡ್ ನ್ಯಾಷನಲ್ ಸೆಕ್ಯುರಿಟಿ' ನಿಯತಕಾಲಿಕ 1986ರಿಂದ ಬರುತ್ತಿದೆ. ಗೋಪ್ಯತೆ ಕಳಚಿ ಬಿಡುಗಡೆ ಮಾಡಿದ ಸಿಐಎ ಕಡತಗಳ 'ಕ್ರೆಸ್ಟ್' ಸಂಗ್ರಹವನ್ನು ನೋಡಲು ಹಿಂದೆ ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ನಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೇ ಹೋಗಿ ಅಲ್ಲಿನ ಕಂಪ್ಯೂಟರ್ ಎದುರು ಕೂರಬೇಕಿತ್ತು. 2017ರ ಜನವರಿಯಲ್ಲಿ ಒಂದು ಕೋಟಿಗೂ ಹೆಚ್ಚು ಪುಟಗಳು ಅಂತರ್ಜಾಲಕ್ಕೆ ಬಂದವು.

ಹೌದು, ಆ ಪುಟಗಳಲ್ಲಿ ಬಿಡುಗಡೆಗೆ ಮುನ್ನ ಮಸಿ ಬಳಿದು ಮುಚ್ಚಿದ ಸಾಲುಗಳಿವೆ. ಜರ್ಮನ್ ಸಂಕೇತಗಳನ್ನು ಭೇದಿಸಿದ 'ಅಲ್ಟ್ರಾ' ಸಾಧನೆಯನ್ನು ಬ್ರಿಟನ್ 1974ರವರೆಗೆ ಬಚ್ಚಿಟ್ಟಿತ್ತು. ಅಷ್ಟರೊಳಗೆ ಬರೆದ ಯುದ್ಧೇತಿಹಾಸಗಳನ್ನೆಲ್ಲ ಮತ್ತೆ ತೂಗಿ ನೋಡಬೇಕಾಯಿತು. ಒಪ್ಪಿದೆ. ಆದರೆ ಒಂದೇ ಕಡತ ಬೇರೆ ಬೇರೆ ವರ್ಷಗಳಲ್ಲಿ ಬಿಡುಗಡೆಯಾದಾಗ ಮಸಿ ಬೀಳುವ ಜಾಗವೂ ಬದಲಾಗುವುದುಂಟು. ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟರೆ, ಒಂದರಲ್ಲಿ ಮುಚ್ಚಿದ್ದು ಇನ್ನೊಂದರಲ್ಲಿ ಬಾಯಿಬಿಡುತ್ತದೆ. ಮುಚ್ಚಿದ್ದೇಕೆ ಎಂಬುದೂ ಆಗ ಒಳ್ಳೆಯ ಸಂಶೋಧನಾ ಪ್ರಶ್ನೆ. ನಿಜ ಹೇಳುತ್ತೇನೆ, ಕೆಲಸದ ನಡುವೆ ಕದ್ದು ಇಂಥ ಜೋಡಿ ಹುಡುಕುವ ಚಟ ನನಗಿದೆ.

ನಿಯತಕಾಲಿಕದ ಚಂದಾ ದುಬಾರಿ ಎಂದು ಗೊಣಗುವಿರಾ? ನಾನೂ ಗೊಣಗುತ್ತೇನೆ. ಅದಕ್ಕೇ ನಮ್ಮಲ್ಲಿಲ್ಲದ್ದನ್ನು ಬೇರೆ ಗ್ರಂಥಾಲಯದಿಂದ ತರಿಸಿಕೊಡುವ ಅಂತರ ಗ್ರಂಥಾಲಯ ಎರವಲು ಎಂಬ ವ್ಯವಸ್ಥೆ ಇರುವುದು. ಒಂದು ಅರ್ಜಿ ತುಂಬಿ ಕಾಯಬೇಕು. ಅಷ್ಟಕ್ಕೂ ಬೇಸರವೆಂದರೆ ಬಿಡಿ, ಆದರೆ ಆ ಬೇಸರವನ್ನು "ದಾಖಲೆಗಳ ಅಲಭ್ಯತೆ" ಎಂದು ಪ್ರಬಂಧದ ಮಿತಿಗಳ ಪಟ್ಟಿಗೆ ಸೇರಿಸಬೇಡಿ.