ಕಾಗಕ್ಕನ ಮನೆ ಸಿ ವರ್ಗಕ್ಕೆ

ಹಾವೇರಿ ಜಿಲ್ಲೆಗೆ ಸಾಹಿತ್ಯ ಹೊಸದಲ್ಲ. 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನವೇ ಇಲ್ಲಿ ನಡೆದಿದೆ. ಬ್ಯಾನರೂ ಹೊಸದಲ್ಲ. ಹಾಗಾಗಿ ವರದಾ ದಂಡೆಯ ಒಂದು ಊರಿನ ಕನ್ನಡ ಸಾಲಿಯ ನಾಲ್ಕನೇ ತರಗತಿಗೆ ಮೊನ್ನೆ ಸಾಹಿತ್ಯ ಬಂದಾಗ ಬ್ಯಾನರ್ ಹಿಡಿದುಕೊಂಡೇ ಬಂತು.

ಕಾರ್ಯಕ್ರಮ ಇಷ್ಟೇ: ಮಕ್ಕಳು ಒಂದು ಕಥೆ ಓದಬೇಕು, ಆಮೇಲೆ ಅದನ್ನು ತಮ್ಮದೇ ಮಾತಿನಲ್ಲಿ ಮುಂದುವರಿಸಿ ಬರೆಯಬೇಕು. ಒಳ್ಳೆಯ ವಿಚಾರ, ಸುಳ್ಳು ಹೇಳಬಾರದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಆಡುತ್ತಾ ಕಲಿಸುವ ನಲಿ-ಕಲಿ ರಾಜ್ಯವೆಲ್ಲ ಸುತ್ತಿ ಇಲ್ಲಿಗೂ ಬಂದಿದೆ, ಆದರೆ ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಬಂದವರು ನಲಿಯುವುದು ಬಿಟ್ಟು ಬರೀ ಕಲಿಯಬೇಕು. ಅಂಥವರಿಗೆ ಒಂದು ಕಥೆ ಸಿಕ್ಕರೆ ಬೇಡ ಅನ್ನುವವರು ಯಾರು?

ಆದರೆ ಓದಿದ್ದಕ್ಕೆ ಸಾಕ್ಷಿ ಬೇಕಲ್ವಾ? ಅದಕ್ಕೆ ಫೋಟೊ. ಅದರಲ್ಲಿ ಬ್ಯಾನರ್ ಕಾಣಬೇಕು, ಮಕ್ಕಳು ಕಾಣಬೇಕು, ಪುಸ್ತಕದ ಮುಖಪುಟ ಕಾಣಬೇಕು. ಎದೆಗೆ ಒತ್ತಿ ಹಿಡಿದರೆ ಮುಖಪುಟ ಚಂದ ಬರುತ್ತದೆ. ಎದೆಗೊತ್ತಿದ ಪುಸ್ತಕ ಓದಲಿಕ್ಕೆ ಬರುವುದಿಲ್ಲ, ಇರಲಿ. ಬಿಸಿಲು ಬಂತು, ನೆರಳು ಬಂತು, ನೆಟ್‌ವರ್ಕ್ ಹೋಯಿತು, ಬಂತು. ಫೋಟೊ ಮೇಲೇರಿತು. ಪುಸ್ತಕಗಳು ತಿಜೋರಿಗೆ ಇಳಿದವು. ಹರಿದರೆ ಲೆಕ್ಕ ಕೊಡುವವರು ಯಾರು? ಓದದೇ ಇದ್ದರೆ ಯಾರೂ ಲೆಕ್ಕ ಕೇಳುವುದಿಲ್ಲ.

ಉಳಿದ ಹೊತ್ತಿನಲ್ಲಿ ಅಕ್ಕೋರು ಬಾಯಲ್ಲೇ ಕಾಗಕ್ಕ-ಗುಬ್ಬಕ್ಕನ ಕಥೆ ಹೇಳಿದರು. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆಗೆ ಸಗಣಿ ಮನೆ ತೊಳೆದು ಹೋಯಿತು. ಕಾಗಕ್ಕ ಬಂದು ಕದ ಬಡಿದರೆ ಗುಬ್ಬಕ್ಕ, ‘ತಡಿ, ಕೂಸಿಗೆ ಹಾಲು ಕುಡಿಸ್ತೀನಿ’ ಅಂದಿತು. ‘ಮುಂದೇನಾಯಿತು, ಬರೆಯಿರಿ’ ಅಂದರು ಅಕ್ಕೋರು. ಸಾಹೇಬರು ಬರುವ ದಿನ, ಯಾಕೆ ರಿಸ್ಕು ಅಂತ ಬೋರ್ಡಿನ ಮೇಲೂ ಬರೆದರು: ‘ಗುಬ್ಬಕ್ಕ ಬಾಗಿಲು ತೆರೆಯಿತು. ಇಬ್ಬರೂ ಸುಖವಾಗಿದ್ದರು.’ ಎಲ್ಲರೂ ತಮ್ಮದೇ ಮಾತಿನಲ್ಲಿ ಅದನ್ನೇ ಬರೆದರು.

ಒಬ್ಬಳು ಬಿಟ್ಟು.

ಅವಳ ಮನೆಯ ಮಣ್ಣಿನ ಗೋಡೆ 2019ರ ಆಗಸ್ಟಿನ ನೆರೆಯಲ್ಲಿ ಬಿದ್ದಿತ್ತು. ಆಗ ಬಿದ್ದ ಮನೆಗಳಿಗೂ ಗ್ರೇಡ್ ಇತ್ತು: ಪೂರ್ತಿ ಬಿದ್ದರೆ ಎ, 5 ಲಕ್ಷ ಪರಿಹಾರ. ಸ್ವಲ್ಪ ಹಾನಿಯಾದರೆ ಸಿ, 50 ಸಾವಿರ. ಹುಡುಗಿ ಆಗಿನ್ನೂ ಸಾಲಿಗೆ ಹೋಗುವಷ್ಟು ದೊಡ್ಡವಳಲ್ಲ. ಆದರೆ ಮನೆಯಲ್ಲಿ ಇವತ್ತಿಗೂ ಊಟಕ್ಕೆ ಕೂತರೆ ಅದೇ ಮಾತು. ಅವಳು ಬರೆದದ್ದು ಇಷ್ಟು:

‘ಮಳಿ ನಿಂತ ಮ್ಯಾಲ ಕಾಗಕ್ಕ ಪಂಚಾಯ್ತಿಗೆ ಹೋತು. ಸಾಹೇಬ್ರು ಮನಿ ನೋಡಾಕ ಬಂದ್ರು. ಮನಿನ ಇರಲಿಲ್ಲ. ಮನಿ ಇಲ್ಲಂದ್ರ ಫೋಟೊ ಹೆಂಗ ತೆಗೀಲಿ ಅಂದ್ರು. ಸಿ ಅಂತ ಬರಕೊಂಡ್ರು. ಗುಬ್ಬಕ್ಕನ ಮನಿಗೆ ಏನೂ ಆಗಿರಲಿಲ್ಲ. ಅದು ಎ ಆತು. ಗುಬ್ಬಕ್ಕನ ಗಂಡ ಮೆಂಬರ್ ಇದ್ದ.’

ಪರಿಶೀಲನೆಗೆ ಬಂದಿದ್ದ ಸಾಹೇಬರು ಎರಡು ಸಲ ಓದಿದರು. ಅಕ್ಕೋರು ಮೂಗಿನಡಿ ನಕ್ಕರು, ಸಾಹೇಬರು ನೋಡಿದ ಕೂಡಲೇ ಕೆಮ್ಮಿದರು. ಕೆಂಪು ಪೆನ್ನು ಹೊರಗೆ ಬಂತು. ‘ಮಳಿ’ ಮಳೆಯಾಯಿತು, ‘ಮನಿ’ ಮನೆಯಾಯಿತು, ‘ಆತು’ ಆಯಿತಾಯಿತು. ತಮ್ಮದೇ ಮಾತಿನಲ್ಲಿ ಬರೆಯಿರಿ ಅಂದಿದ್ದು ನಿಜ, ಆದರೆ ತಮ್ಮದು ಅಂದರೆ ಇಷ್ಟು ತಮ್ಮದೇ? ಪಂಚಾಯ್ತಿಯಿಂದ ಮೆಂಬರ್‌ವರೆಗೆ ಒಂದು ಉದ್ದ ಗೀಟು ಬಿತ್ತು. ಪಕ್ಕದಲ್ಲಿ ಷರಾ: ‘ಕಲ್ಪನಾ ಶಕ್ತಿ ಇಲ್ಲ.’

ಬೋರ್ಡು ನೋಡಿ ಬರೆದವರಿಗೆಲ್ಲ ಎ. ಇವಳಿಗೆ ಸಿ.

ಹುಡುಗಿ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಕ್ಕೋರ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

‘ಅಕ್ಕೋರ, ಇದಕ್ಕೂ ಐವತ್ತು ಸಾವಿರ ಬರ್ತಾವೇನ್ರಿ?’