ಉರಿಯಿಲ್ಲದ ಉರಿಯೂತ

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಇಪ್ಪತ್ತೆರಡು ವರ್ಷ ಕುಳಿತವಳು ನಾನು. ಯೋನಿಯ ಆರೋಗ್ಯದ ವಿಷಯವನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದರೂ, ಹೆಂಗಸರು ಅಕ್ಕತಂಗಿಯರ ಹತ್ತಿರವೂ ಮೆಲ್ಲನೆ ಹೇಳಿಕೊಳ್ಳುವ ಮಾತನ್ನು ಎಲ್ಲರೂ ಓದುವ ಜಾಗದಲ್ಲಿ ಹೇಗೆ ಹಾಕುವುದೆಂದು ಹಿಂಜರಿಯುತ್ತಲೇ ಬಂದಿದ್ದೆ. ಮುಚ್ಚಿಟ್ಟದ್ದರಿಂದ ಆಗಿರುವ ಹಾನಿಯನ್ನು ಇಷ್ಟು ವರ್ಷ ಕಣ್ಣಾರೆ ಕಂಡ ಮೇಲೆ ಇನ್ನು ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ ನನ್ನ ಮೇಜಿಗೆ ಎರಡು ಯೋನಿ ಸ್ವಾಬ್‌ಗಳು ಒಟ್ಟಿಗೆ ಬಂದವು. ಮೊದಲನೆಯದು, ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿಲ್ಲವೆಂದು ತಪಾಸಣೆಗೆ ಬಂದಿದ್ದ ಇಪ್ಪತ್ತಾರರ ಹೆಣ್ಣುಮಗಳದು. ಎರಡನೆಯದು, ಬಿಳಿಸೆರಗು ಎಂದು ಒಂದೂವರೆ ವರ್ಷದಿಂದ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದ, ಇಬ್ಬರು ಮಕ್ಕಳ ತಾಯಿಯದು. ಎರಡಕ್ಕೂ, ಬ್ಯಾಕ್ಟೀರಿಯಾಗಳನ್ನು ಎದ್ದು ಕಾಣಿಸುವ ಗ್ರಾಂ ಎಂಬ ಬಣ್ಣ ಹಾಕಿ ನೋಡಿದೆ. ಮೊದಲ ಸ್ಲೈಡಿನಲ್ಲಿ ಇರಬೇಕಾಗಿದ್ದ ದಪ್ಪ ನೇರಳೆ ಕಡ್ಡಿಗಳು ಒಂದೂ ಇರಲಿಲ್ಲ. ಯೋನಿಯ ಒಳಪದರದಿಂದ ಉದುರಿದ ಚಪ್ಪಟೆ ಕೋಶಗಳ ಮೇಲೆ ಸಣ್ಣ ಸಣ್ಣ ಬ್ಯಾಕ್ಟೀರಿಯಾಗಳು ಎಷ್ಟು ದಟ್ಟವಾಗಿ ಮೆತ್ತಿಕೊಂಡಿದ್ದವೆಂದರೆ, ಹಿಟ್ಟು ಉದುರಿಸಿದ ಹಪ್ಪಳದ ಹಾಗೆ ಕೋಶದ ಅಂಚೇ ಮಸುಕಾಗಿ ಹೋಗಿತ್ತು. ಇಂಥವನ್ನು ನಾವು ಕ್ಲೂ ಸೆಲ್ ಎನ್ನುತ್ತೇವೆ. ಒಳ್ಳೆಯ ಬ್ಯಾಕ್ಟೀರಿಯಾಗಳು ಕಡಿಮೆಯಾಗಿ ಬೇರೆಯವು ತುಂಬಿಕೊಳ್ಳುವ ಬ್ಯಾಕ್ಟೀರಿಯಲ್ ವಜೈನೋಸಿಸ್ ಎಂಬ ಸ್ಥಿತಿಗೆ ಅದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ. ಎರಡನೆಯ ಸ್ಲೈಡು ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿಸಬಹುದಾದಷ್ಟು ಆರೋಗ್ಯವಾಗಿತ್ತು. ಕೋಶಗಳ ಅಂಚು ಸ್ಪಷ್ಟವಾಗಿದ್ದು, ಕಣ್ಣು ಹಾಯಿಸಿದಲ್ಲೆಲ್ಲ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾದ ಆ ನೇರಳೆ ಕಡ್ಡಿಗಳೇ ಇದ್ದವು.

ಮೊದಲನೆಯವರನ್ನು ಕೇಳಿದೆ, ವಾಸನೆ, ತುರಿಕೆ, ಬಿಳಿ ಹೋಗುವುದು ಏನಾದರೂ ಇದೆಯೇ ಎಂದು. "ಏನೂ ಇಲ್ಲ ಮೇಡಮ್, ಮಕ್ಕಳಾಗಿಲ್ಲ ಅಂತ ಬಂದಿದ್ದು ಅಷ್ಟೇ" ಎಂದರು. ಎರಡನೆಯವರು ನಾನು ಕೇಳುವ ಮೊದಲೇ, "ಮೂಳೆ ಕರಗಿ ಬಿಳಿ ಹೋಗ್ತೈತೆ ಅಂತಾರೆ ಅಕ್ಕಾ, ಹೌದಾ?" ಎಂದು ಕಣ್ಣು ತುಂಬಿಕೊಂಡರು. ಇವರು ಅಷ್ಟರಲ್ಲಿ, ಬಿಳಿಸೆರಗಿಗೆಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಹಸಿರು ಪೊಟ್ಟಣದ ಮಾತ್ರೆಗಳನ್ನು ಐದು ಸಲ ನುಂಗಿದ್ದರು.

ದೂರು ಇಲ್ಲದವರಿಗೆ ಏನೂ ಇಲ್ಲವೆಂದೂ ದೂರು ಹೇಳಿದವರಿಗೆ ಸೋಂಕು ಇದ್ದೇ ಇದೆಯೆಂದೂ ನಾವು ನಂಬಿ ನಡೆಯುತ್ತಿದ್ದೇವೆ. ನನ್ನ ಅನುಭವದಲ್ಲಿ ಈ ನಂಬಿಕೆ ಎರಡೂ ಕಡೆ ತಪ್ಪುತ್ತಿದೆ, ಮತ್ತು ಎರಡೂ ಕಡೆ ಅದರ ಬೆಲೆಯನ್ನು ತೆರುತ್ತಿರುವವರು ಹೆಂಗಸರೇ.

ಆ ನೇರಳೆ ಕಡ್ಡಿಗಳನ್ನು ಜರ್ಮನಿಯ ಸ್ತ್ರೀರೋಗ ವೈದ್ಯ ಆಲ್ಬರ್ಟ್ ಡೋಡರ್ಲೈನ್ 1892ರಲ್ಲಿಯೇ ವಿವರಿಸಿದ್ದರು. ಮೊದಲ ಮುಟ್ಟಿನಿಂದ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ ಯೋನಿಯ ಒಳಪದರ ದಪ್ಪವಾಗಿರುತ್ತದೆ, ಆ ಕೋಶಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟದಂಥ ವಸ್ತು ತುಂಬಿರುತ್ತದೆ. ಕೋಶಗಳು ಉದುರಿದಾಗ ಅದು ಒಡೆದು ಸಣ್ಣ ಸಕ್ಕರೆಗಳಾಗುತ್ತದೆ, ಲ್ಯಾಕ್ಟೋಬ್ಯಾಸಿಲಸ್‌ಗಳು ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗಾಗುವಷ್ಟರಲ್ಲಿ ಹುಳಿಯಾಗಿ, ಹಾಗೇ ಬಿಟ್ಟ ಹಾಲಿನಂತೆ ಕೆಡದೆ ಉಳಿಯುವುದು ಎಲ್ಲರಿಗೂ ಗೊತ್ತು. ಇಲ್ಲಿ ನಡೆಯುವುದೂ ಬಹುಮಟ್ಟಿಗೆ ಅದೇ. ಆರೋಗ್ಯವಂತ ಯೋನಿಯ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸಾಮಾನ್ಯವಾಗಿ 3.8ರಿಂದ 4.5ರ ನಡುವೆ ಇರುತ್ತದೆ, ಆ ಹುಳಿಯಲ್ಲಿ ಬೇರೆ ಅನೇಕ ಸೂಕ್ಷ್ಮಾಣುಗಳು ತಲೆಯೆತ್ತಲಾರವು. ಆದರೆ ಮೊಸರಿನ ಬ್ಯಾಕ್ಟೀರಿಯಾಗಳೂ ಇವೂ ಬೇರೆ ಬೇರೆ ಜಾತಿಯವು. ಮೊಸರು ಊಟಕ್ಕೆ ಒಳ್ಳೆಯದು, ಅದನ್ನು ಹಚ್ಚಿಕೊಳ್ಳಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಒಳ್ಳೆಯ ಕಡ್ಡಿಗಳಲ್ಲಿಯೂ ಎಲ್ಲವೂ ಒಂದೇ ಅಲ್ಲವೆಂಬುದು ಡಿಎನ್‌ಎ ಓದುವ ತಂತ್ರ ಬಂದ ಮೇಲೆ ತಿಳಿಯಿತು. 2011ರಲ್ಲಿ ಜಾಕ್ ರಾವೆಲ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಾಲ್ಕು ಜನವರ್ಗಗಳಿಗೆ ಸೇರಿದ 396 ಆರೋಗ್ಯವಂತ ಹೆಂಗಸರ ಮಾದರಿಗಳನ್ನು ಪರೀಕ್ಷಿಸಿ ಐದು ಬಗೆಯ ಸಮುದಾಯಗಳನ್ನು ಗುರುತಿಸಿದರು. ನಾಲ್ಕರಲ್ಲಿ ಒಂದೊಂದು ಲ್ಯಾಕ್ಟೋಬ್ಯಾಸಿಲಸ್ ಪ್ರಭೇದದ ಒಡೆತನವಿತ್ತು, ಐದನೆಯದರಲ್ಲಿ ಆಮ್ಲಜನಕವಿಲ್ಲದೆ ಬದುಕುವ ನಾನಾ ಬ್ಯಾಕ್ಟೀರಿಯಾಗಳು ಬೆರೆತಿದ್ದವು. ಕ್ರಿಸ್ಪೇಟಸ್ ಎಂಬ ಪ್ರಭೇದ ಇರುವ ಯೋನಿ ಬಹುಕಾಲ ಸ್ಥಿರವಾಗಿರುತ್ತದೆ. ಐನರ್ಸ್ ಎಂಬುದು ಅಷ್ಟು ನೆಚ್ಚಿಕೊಳ್ಳುವಂಥದಲ್ಲ, ಇಂದು ಕಾವಲಿದ್ದು ನಾಳೆ ಇತರ ಬ್ಯಾಕ್ಟೀರಿಯಾಗಳಿಗೆ ದಾರಿ ಬಿಡಬಹುದು. ನಮ್ಮ ಗ್ರಾಂ ಬಣ್ಣದ ಸ್ಲೈಡಿಗೆ ಇಷ್ಟು ಸೂಕ್ಷ್ಮ ವ್ಯತ್ಯಾಸ ಕಾಣುವುದಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ.

ಈಗ ಬ್ಯಾಕ್ಟೀರಿಯಲ್ ವಜೈನೋಸಿಸ್ ಎಂಬ ಹೆಸರಿನ ವಿಷಯಕ್ಕೆ ಬರುತ್ತೇನೆ. 1955ರಲ್ಲಿ ಗಾರ್ಡ್ನರ್ ಮತ್ತು ಡ್ಯೂಕ್ಸ್ ಎಂಬ ಇಬ್ಬರು ಅಮೆರಿಕನ್ನರು ಈ ಸ್ಥಿತಿಗೆ ಕಾರಣವೆಂದು ಒಂದು ಬ್ಯಾಕ್ಟೀರಿಯಾವನ್ನು ಗುರುತಿಸಿದರು, ಅದನ್ನು ಈಗ ಗಾರ್ಡ್ನರೆಲ್ಲ ಎನ್ನುತ್ತೇವೆ. ಸ್ಲೈಡಿನಲ್ಲಿ ಕೀವಿನ ಕೋಶಗಳು ಹೆಚ್ಚಾಗಿ ಕಾಣದೆ ಇದ್ದುದರಿಂದ, ಉರಿಯೂತ ಇಲ್ಲವೆಂದು ತೀರ್ಮಾನಿಸಿ, ಮುಂದೆ ಇದಕ್ಕೆ ಯೋನಿಯ ಉರಿಯೂತವೆಂಬ ಅರ್ಥದ ವಜೈನೈಟಿಸ್ ಎನ್ನದೆ ವಜೈನೋಸಿಸ್ ಎಂಬ ಹೆಸರು ಕೊಡಲಾಯಿತು. ನಮ್ಮ ಭಾಷೆಯ ಉರಿಯೂತ ಎಂಬ ಪದವನ್ನು ಬಿಡಿಸಿದರೂ ಉರಿ ಮತ್ತು ಊತ ಎಂದೇ ಆಗುತ್ತದೆ. ಉರಿಯಬೇಕು, ಊದಿಕೊಳ್ಳಬೇಕು, ಕೆಂಪಾಗಬೇಕು, ಆಗ ಮಾತ್ರ ಅದು ಉರಿಯೂತ. ಆದರೆ ಯೋನಿಯ ದ್ರವದಲ್ಲಿರುವ ಸೈಟೋಕೈನ್ ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ಅಳೆಯುವುದು ಸಾಧ್ಯವಾದಾಗ ಬೇರೆಯೇ ಚಿತ್ರ ಸಿಕ್ಕಿತು. ಉರಿ ಇಲ್ಲ, ಊತ ಇಲ್ಲ, ಹೆಂಗಸಿಗೆ ಏನೂ ಗೊತ್ತಾಗುತ್ತಿಲ್ಲ, ಆದರೂ ಒಳಪದರದ ಕೋಶಗಳು ಎಚ್ಚರಿಕೆಯ ಸಂದೇಶಗಳನ್ನು ಕಳುಹಿಸುತ್ತಲೇ ಇವೆ. ಗಾರ್ಡ್ನರೆಲ್ಲ ಬಿಡುವ ಒಂದು ವಿಷ ಕೋಶಗಳ ಪೊರೆಯಲ್ಲಿ ರಂಧ್ರ ಕೊರೆಯಬಲ್ಲದು, ಇನ್ನು ಕೆಲವು ಕಿಣ್ವಗಳು ಕಾವಲಿಗಿರುವ ಲೋಳೆಯನ್ನೇ ಕರಗಿಸುತ್ತವೆ. ಲ್ಯಾಕ್ಟಿಕ್ ಆಮ್ಲವಾದರೋ ಹುಳಿ ಕೊಡುವುದರ ಜೊತೆಗೆ ಈ ಕೋಶಗಳ ಕೆರಳಿಕೆಯನ್ನೂ ತಣಿಸುತ್ತದೆ. ಅದು ಇಲ್ಲದಾದಾಗ ಕೆರಳಿಕೆಗೆ ತಡೆಯೂ ಇಲ್ಲವಾಗುತ್ತದೆ.

ಇದರ ಪರಿಣಾಮ ಎಷ್ಟು ದೂರ ಹೋಗುತ್ತದೆಂಬುದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಟ್ಟವರು ದಕ್ಷಿಣ ಆಫ್ರಿಕದ ಡರ್ಬನ್ ಸಮೀಪದ ಉಮ್ಲಾಜಿಯ ಯುವತಿಯರು. 18ರಿಂದ 23 ವರ್ಷದೊಳಗಿನ, ಎಚ್‌ಐವಿ ಇಲ್ಲದ, ಆರೋಗ್ಯವಾಗಿದ್ದ ಈ ಹೆಣ್ಣುಮಕ್ಕಳನ್ನು ಫ್ರೆಶ್ ಎಂಬ ಅಧ್ಯಯನದಲ್ಲಿ ನಿಯಮಿತವಾಗಿ ಪರೀಕ್ಷಿಸಲಾಯಿತು. ಬೆರಕೆ ಬ್ಯಾಕ್ಟೀರಿಯಾಗಳಿದ್ದವರಲ್ಲಿ ಉರಿಯೂತದ ಸೈಟೋಕೈನ್‌ಗಳು ಹೆಚ್ಚಾಗಿದ್ದವೆಂದು 2015ರಲ್ಲಿ ಪ್ರಕಟವಾಯಿತು. ಅಂಥವರಿಗೆ ಎಚ್‌ಐವಿ ತಗಲುವ ಸಂಭವ ಕ್ರಿಸ್ಪೇಟಸ್ ಇದ್ದವರಿಗಿಂತ ನಾಲ್ಕು ಪಟ್ಟು ಹೆಚ್ಚೆಂದು 2017ರಲ್ಲಿ ತಿಳಿಯಿತು. ಕಾರಣ ಸರಳ, ಆದರೆ ಭಯಂಕರ. ಉರಿಯೂತದ ಕರೆಗೆ ಓಡಿ ಬರುವ ರೋಗನಿರೋಧಕ ಕೋಶಗಳಲ್ಲಿ ಸಿಡಿ4 ಕೋಶಗಳೂ ಇರುತ್ತವೆ, ಮತ್ತು ಎಚ್‌ಐವಿ ಹುಡುಕುವುದು ಅವುಗಳನ್ನೇ. ಅದೇ ನಾಡಿನಲ್ಲಿ ಎಚ್‌ಐವಿ ತಡೆಯಲು ಟೆನೊಫೊವಿರ್ ಎಂಬ ಔಷಧದ ಜೆಲ್ಲನ್ನು ಯೋನಿಗೆ ಹಚ್ಚುವ ಪ್ರಯೋಗ ನಡೆದಿತ್ತು, ಒಟ್ಟಾರೆ 39% ರಕ್ಷಣೆ ಸಿಕ್ಕಿತೆಂದು 2010ರಲ್ಲಿ ಪ್ರಕಟವಾಗಿತ್ತು. ಅದರ ಮಾದರಿಗಳನ್ನು ಮುಂದೆ ಬಿಡಿಸಿ ನೋಡಿದರೆ, ಲ್ಯಾಕ್ಟೋಬ್ಯಾಸಿಲಸ್ ಹೆಚ್ಚಿದ್ದವರಿಗೆ 61% ರಕ್ಷಣೆ, ಉಳಿದವರಿಗೆ 18% ಮಾತ್ರ. ಗಾರ್ಡ್ನರೆಲ್ಲ ಆ ಔಷಧವನ್ನೇ ತಿಂದು ಹಾಕುತ್ತಿತ್ತು! ಅವಧಿಗೆ ಮುಂಚಿನ ಹೆರಿಗೆ ಮತ್ತು ಗರ್ಭಕೊರಳಿನಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲ ಎಚ್‌ಪಿವಿ ಎಂಬ ವೈರಸ್ ಉಳಿದುಕೊಳ್ಳುವುದು ಕೂಡ ಇಂಥ ಬೆರಕೆ ಸಮುದಾಯದೊಂದಿಗೆ ಮತ್ತೆ ಮತ್ತೆ ಒಟ್ಟಿಗೆ ಕಂಡುಬಂದಿವೆ.

ಇಷ್ಟಾದರೂ ಬಹುಪಾಲು ಹೆಂಗಸರಿಗೆ ಇದು ಗೊತ್ತೇ ಆಗುವುದಿಲ್ಲ. 2001ರಿಂದ 2004ರವರೆಗೆ ಅಮೆರಿಕದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸುಮಾರು 29% ಹೆಂಗಸರಲ್ಲಿ ಬ್ಯಾಕ್ಟೀರಿಯಲ್ ವಜೈನೋಸಿಸ್ ಕಂಡುಬಂತು, ಅವರಲ್ಲಿ 84% ಜನರಿಗೆ ಯಾವ ಲಕ್ಷಣವೂ ಇರಲಿಲ್ಲ. ನಮ್ಮ ಮೈಸೂರಿನಲ್ಲಿಯೇ 2005-06ರಲ್ಲಿ ಯುವತಿಯರ ನಡುವೆ ಪೂರ್ಣಿಮಾ ಮಧಿವಣನ್ ಮತ್ತು ತಂಡದವರು ನಡೆಸಿದ ಅಧ್ಯಯನದಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಇದಿತ್ತು. ಅದಕ್ಕೂ ಹಿಂದೆ, 1989ರಲ್ಲಿ, ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ರಾಣಿ ಬಂಗ್ ಮತ್ತು ಅಭಯ್ ಬಂಗ್ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಂತೆ 92% ಜನರಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮುಂಚೆ ಒಮ್ಮೆಯಾದರೂ ಒಳಪರೀಕ್ಷೆ ಮಾಡಿಸಿಕೊಂಡಿದ್ದವರು 8% ಮಾತ್ರ. ಈ ಸಂಖ್ಯೆಯನ್ನು ನಾನು ಮೊದಲು ಓದಿದ ದಿನ ರಾತ್ರಿ ನಿದ್ದೆ ಬಂದಿರಲಿಲ್ಲ.

ಇನ್ನೊಂದು ಬದಿಯೂ ಅಷ್ಟೇ ನೋವಿನದು. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಹೆಂಗಸರು ಬಿಳಿಸೆರಗಿನ ದೂರು ಏಕೆ ಹೇಳುತ್ತಾರೆಂದು ಹುಡುಕಿದಾಗ, ದೂರಿಗೆ ಸೋಂಕಿಗಿಂತ ಹೆಚ್ಚಿನ ನಂಟು ಮನಸ್ಸಿನ ಸಂಕಟದೊಂದಿಗೆ, ಖಿನ್ನತೆ ಮತ್ತು ಆತಂಕದೊಂದಿಗೆ ಕಾಣಿಸಿತು. ನಮ್ಮ ಹೆಂಗಸು ಸೋತು ಹೋದೆ, ಮೈಯಲ್ಲಿ ಬಲವಿಲ್ಲ, ಮನೆಯಲ್ಲಿ ನೆಮ್ಮದಿಯಿಲ್ಲ ಎಂದು ನೇರವಾಗಿ ಹೇಳಲಾರಳು, ಬಿಳಿ ಹೋಗುತ್ತದೆ ಎಂದು ಹೇಳಬಲ್ಲಳು. ಒಂದು ಮುಟ್ಟಿಗೂ ಇನ್ನೊಂದು ಮುಟ್ಟಿಗೂ ನಡುವಿನ ದಿನಗಳಲ್ಲಿ ತಿಳಿಯಾದ, ವಾಸನೆಯಿಲ್ಲದ ಸ್ರಾವ ಎಲ್ಲರಿಗೂ ಸಹಜವೆಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಈ ಅಜ್ಞಾನವನ್ನು ಹಣವಾಗಿಸಿಕೊಂಡವರೂ ಇದ್ದಾರೆ. ಕಲಬುರಗಿ ಜಿಲ್ಲೆಯಲ್ಲಿ ಬಿಳಿಸೆರಗು, ಹೊಟ್ಟೆನೋವು ಎಂದು ಹೋದ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶವನ್ನೇ ತೆಗೆದು ಕಳಿಸಿದ ಪ್ರಕರಣಗಳು ಕಳೆದ ದಶಕದಲ್ಲಿ ಬಯಲಾಗಿ ಹೋರಾಟ ನಡೆದದ್ದು ನಿಮಗೆ ನೆನಪಿರಬಹುದು. ಬೇರೆ ರಾಜ್ಯಗಳ ಇಂಥದೇ ಪ್ರಕರಣಗಳಲ್ಲಿ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ಕೊಡಬೇಕಾಯಿತು. ಬಿಳಿಸೆರಗಿಗೆ ಗರ್ಭಕೋಶ ತೆಗೆಯುವುದು ಯಾವ ವೈದ್ಯಶಾಸ್ತ್ರದಲ್ಲಿಯೂ ಇಲ್ಲ.

ಹಸಿರು ಪೊಟ್ಟಣದ ಬಗ್ಗೆ ಹೇಳಲೇಬೇಕು. ಯೋನಿಸ್ರಾವದ ದೂರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ ಎರಡನೆಯ ಸಂಖ್ಯೆಯ ಕಿಟ್ ಅದು. ಅದರಲ್ಲಿ 2 ಗ್ರಾಂ ಸೆಕ್ನಿಡಜೋಲ್ ಮತ್ತು 150 ಮಿಲಿಗ್ರಾಂ ಫ್ಲುಕೊನಜೋಲ್ ಇರುತ್ತದೆ, ಎಂದರೆ ಬ್ಯಾಕ್ಟೀರಿಯಾಕ್ಕೂ ಶಿಲೀಂಧ್ರಕ್ಕೂ ಒಟ್ಟಿಗೆ ಮದ್ದು. ಪ್ರಯೋಗಾಲಯವೇ ಇಲ್ಲದ ಕಡೆ, ಮತ್ತೆ ಬರುತ್ತಾಳೋ ಇಲ್ಲವೋ ಗೊತ್ತಿಲ್ಲದ ಹೆಂಗಸಿಗೆ ಅಂದೇ ಚಿಕಿತ್ಸೆ ಸಿಗಲೆಂದು ಮಾಡಿದ ವ್ಯವಸ್ಥೆಯಿದು, ಅದರ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ಸೂಕ್ಷ್ಮದರ್ಶಕವೂ ನನ್ನಂಥ ತಂತ್ರಜ್ಞರೂ ಇರುವ ಆಸ್ಪತ್ರೆಯಲ್ಲಿಯೂ ಸ್ಲೈಡ್ ನೋಡದೆ ಅದನ್ನೇ ಕೈಗಿಡುವುದು ಸರಿಯಲ್ಲ. ಬ್ಯಾಕ್ಟೀರಿಯಲ್ ವಜೈನೋಸಿಸ್ ಪತ್ತೆಮಾಡಲು 1983ರಲ್ಲಿ ಆಮ್ಸೆಲ್ ಎಂಬ ಸಂಶೋಧಕ ಹೇಳಿದ ನಾಲ್ಕು ಗುರುತುಗಳಿಗೆ ಬೇಕಾಗುವುದು ಒಂದು ಪಿಎಚ್ ಪಟ್ಟಿ, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಒಂದು ಗಾಜಿನ ಸ್ಲೈಡು, ಮತ್ತು ಹತ್ತು ನಿಮಿಷ. ನಾಲ್ಕರಲ್ಲಿ ಮೂರು ಸಿಕ್ಕರೆ ಸಾಕು. ಲಕ್ಷಣವಿಲ್ಲದವರಿಗೆಲ್ಲ ಮಾತ್ರೆ ಕೊಡಿ ಎಂದು ನಾನು ಹೇಳುತ್ತಿಲ್ಲ, ವೈದ್ಯಕೀಯ ಮಾರ್ಗಸೂಚಿಗಳೂ ಹಾಗೆ ಹೇಳುವುದಿಲ್ಲ. ಬೇರೆ ಕಾರಣಕ್ಕೆ ಒಳಪರೀಕ್ಷೆ ಮಾಡುವಾಗ ಸ್ಲೈಡನ್ನೂ ನೋಡಿ, ಕಂಡದ್ದನ್ನು ಆಕೆಗೆ ಹೇಳಿ, ಎನ್ನುತ್ತೇನೆ. ಔಷಧದಂಗಡಿಯಲ್ಲಿ ಸಿಗುವ ಸುವಾಸನೆಯ ತೊಳೆಯುವ ದ್ರಾವಣಗಳಿಗೆ ಹಣ ಹಾಕಬೇಡಿ. ಯೋನಿಯ ಒಳಗೆ ತೊಳೆದಷ್ಟೂ ಒಳ್ಳೆಯ ಕಡ್ಡಿಗಳೇ ಮೊದಲು ಕೊಚ್ಚಿ ಹೋಗುತ್ತವೆ.

ಮೊದಲ ಸ್ಲೈಡಿನ ಹೆಣ್ಣುಮಗಳಿಗೆ ವೈದ್ಯರು ಏಳು ದಿನದ ಮೆಟ್ರೊನಿಡಜೋಲ್ ಕೊಟ್ಟರು. ಮಾತ್ರೆ ಮುಗಿದಾಗ ಸ್ಲೈಡು ಸ್ವಚ್ಛವಾಗಿತ್ತು, ನಾಲ್ಕನೆಯ ತಿಂಗಳು ಮತ್ತೆ ಮೊದಲಿನಂತೆಯೇ ಆಗಿತ್ತು. ಆಕೆ ತನ್ನಲ್ಲೇ ಏನೋ ಕೊಳೆ ಇದೆ ಎಂದುಕೊಂಡು ತಲೆ ತಗ್ಗಿಸಿ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಂದು ಹೇಳಲು ನನ್ನ ಬಳಿ ಉತ್ತರವಿರಲಿಲ್ಲ, ಈಗ ಇದೆ. 2025ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಹೆಂಗಸಿನ ಜೊತೆಗೆ ಗಂಡಿಗೂ ಏಳು ದಿನ ಮಾತ್ರೆ ಕೊಟ್ಟು, ಶಿಶ್ನದ ಚರ್ಮಕ್ಕೆ ಕ್ಲಿಂಡಮೈಸಿನ್ ಕ್ರೀಮ್ ಹಚ್ಚಿಸಿದಾಗ, 12 ವಾರಗಳಲ್ಲಿ ಮರುಕಳಿಸಿದ್ದು 35% ಹೆಂಗಸರಿಗೆ. ಹೆಂಗಸಿಗೆ ಮಾತ್ರ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಅದು 63%. ಇಷ್ಟು ಕಾಲ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಮತ್ತೆ ಬರುತ್ತಿದ್ದಾಗ ನಾವು ಅವರ ಶುಚಿತ್ವವನ್ನೇ ಪ್ರಶ್ನಿಸಿದೆವು, ಪಕ್ಕದಲ್ಲಿ ಮಲಗುವವನನ್ನು ಹೊರಗಿನ ಬೆಂಚಿನಲ್ಲಿಯೇ ಕೂರಿಸಿದೆವು.

ಎರಡನೆಯವರನ್ನು ನಾನು ವೈದ್ಯರ ಒಪ್ಪಿಗೆ ಪಡೆದು ಸೂಕ್ಷ್ಮದರ್ಶಕದ ಮುಂದೆಯೇ ಕೂರಿಸಿದೆ. ಒಂದು ಕಣ್ಣು ಮುಚ್ಚಿ, ಫೋಕಸ್ ತಿರುಗಿಸಲು ಬಾರದೆ, ಕೊನೆಗೆ ಕಂಡಾಗ ಉಸಿರು ಬಿಗಿಹಿಡಿದು, "ಈ ಕಡ್ಡಿ ಕಡ್ಡಿ ಇರೋವೆಲ್ಲಾ ನನ್ನವೇನಕ್ಕಾ?" ಎಂದರು. ನಿಮ್ಮವೇ, ನಿಮ್ಮನ್ನು ಕಾಯುತ್ತಿರುವವು ಇವೇ, ಮೂಳೆ ಎಲ್ಲೂ ಕರಗಿಲ್ಲ ಎಂದೆ. ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಹೊರಗೆ ಹೋಗಿ, ಗರ್ಭಕೋಶ ತೆಗೆಸಿಬಿಡೋಣವೆಂದು ಆರು ತಿಂಗಳಿಂದ ಹೇಳುತ್ತಿದ್ದ ಅತ್ತೆಯನ್ನು ಕೈಹಿಡಿದು ಒಳಗೆ ಕರೆತಂದು, ಅದೇ ಕುರ್ಚಿಯಲ್ಲಿ ಕೂರಿಸಿ, "ನೋಡತ್ತೆ" ಎಂದರು.